ಪಕ್ಕದ ಮನೆಯವರನ್ನು ಕೇಳಿದಿರಾ?

ಬೆಂಗಳೂರಿನಲ್ಲಿ ಊಟದ ಹೋಟೆಲೊಂದು ಬಾರ್ ಆಗುವ ಸುದ್ದಿ ಅಕ್ಕಪಕ್ಕದವರಿಗೆ ತಿಳಿಯುವುದು ಸಾಮಾನ್ಯವಾಗಿ ಬೋರ್ಡು ಬದಲಾದ ದಿನ. ಅದಕ್ಕೂ ಮುಂಚೆ ಒಂದೆರಡು ತಿಂಗಳು ಮುಂಬಾಗಿಲಿಗೆ ಹಸಿರು ಬಟ್ಟೆ ಕಟ್ಟಿರುತ್ತಾರೆ, ಒಳಗಿನಿಂದ ಟೈಲ್ಸ್ ಕೊಯ್ಯುವ ಸದ್ದು ಬರುತ್ತಿರುತ್ತದೆ. ಏನಪ್ಪಾ ನಡೀತಿದೆ ಎಂದು ಕೇಳಿದರೆ ‘ರಿನೋವೇಶನ್ ಸಾರ್’ ಅನ್ನುತ್ತಾರೆ ಕೆಲಸದವರು. ಅವರು ಹೇಳಿದ್ದು ಸುಳ್ಳೂ ಅಲ್ಲ.

ಮದ್ಯದ ಪರವಾನಗಿ ಸುಮ್ಮನೆ ಅರ್ಜಿ ಗೀಚಿದರೆ ಸಿಗುವ ಕಾಗದವಲ್ಲ. ಬಾರ್ ಅಂಡ್ ರೆಸ್ಟೋರೆಂಟಿಗೆ ಬೇಕಾದ ಸಿಎಲ್-9 ಅನ್ನು ಸರ್ಕಾರ 1992ರ ನಂತರ ಹೊಸದಾಗಿ ಕೊಡುವುದನ್ನು ನಿಲ್ಲಿಸಿತ್ತು. ಹಾಗಾಗಿ ಹೋಟೆಲಿನವರು ಎಲ್ಲೋ ಇದ್ದ ಹಳೆಯ ಸಿಎಲ್-9 ಹುಡುಕಿ ಹೆಸರಿಗೆ ಮಾಡಿಸಿಕೊಂಡು, ತಮ್ಮ ವಿಳಾಸಕ್ಕೆ ವರ್ಗಾಯಿಸಿಕೊಳ್ಳುತ್ತಾರೆ. ಇಲ್ಲವೇ ಮೇಲಿನ ಮಹಡಿಗಳಲ್ಲಿ ರೂಮು ಕಟ್ಟಿಸಿ, ವಸತಿಗೃಹಗಳಿಗೆ ಮೀಸಲಾದ ಸಿಎಲ್-7 ಪಡೆಯುತ್ತಾರೆ. ಇಷ್ಟು ಓಡಾಟ, ಇಷ್ಟು ದುಡ್ಡು ಸುರಿದವರು ರಾತ್ರಿ ಹತ್ತಕ್ಕೆ ಷಟರ್ ಎಳೆಯುತ್ತಾರೆಂದು ಯಾರೂ ನಿರೀಕ್ಷಿಸುವಂತಿಲ್ಲ.

ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎನ್ನುವುದು ಅಬಕಾರಿ ನಿಯಮ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶಗಳಿಗೂ ಈ ರಕ್ಷಣೆ ಇದೆ. ಆದರೆ ಕಾಂಪೌಂಡಿಗೆ ಕಾಂಪೌಂಡು ತಾಗಿಸಿಕೊಂಡ ಸಾಮಾನ್ಯ ಮನೆ ಆ ಪಟ್ಟಿಯಲ್ಲಿಲ್ಲ. ಪಾಠ, ಪೂಜೆ, ಚಿಕಿತ್ಸೆಗೆ ನೂರು ಮೀಟರ್ ಅಂತರ. ನಿದ್ದೆಗೆ ಒಂದು ಗೋಡೆ.

ಇಂದಿರಾನಗರವನ್ನೇ ನೋಡಿ. ವಸತಿ ಬಡಾವಣೆಯಾಗಿ ಹುಟ್ಟಿದ ಜಾಗ ಅದು, ನಿವೃತ್ತರು ತೆಂಗು, ಸೀಬೆ ಹಾಕಿಕೊಂಡು ಕಟ್ಟಿಸಿದ ಮನೆಗಳು. 100 ಅಡಿ ರಸ್ತೆ, 12ನೇ ಮೇನ್ ಈಗ ಪಬ್ಬುಗಳ ಸಾಲು. ಅಲ್ಲಿನ ನಿವಾಸಿಗಳು ಶಬ್ದದ ದೂರು ಹಿಡಿದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾರೆ. ಅವರನ್ನು ಮಡಿವಂತರೆಂದು ಹಂಗಿಸುವವರಿದ್ದಾರೆ. ನನಗಂತೂ ಹಾಗನ್ನಿಸುವುದಿಲ್ಲ. ಗ್ಲಾಸಿನಲ್ಲಿ ಏನಿದೆ ಎಂಬುದು ಅವರ ತಕರಾರಲ್ಲ. ಕೆಲವರು ಅದೇ ಪಬ್ಬಿಗೆ ಭಾನುವಾರ ಮಧ್ಯಾಹ್ನ ಹೋಗಿಬರುವವರೇ.

ತಕರಾರು ಇರುವುದು ಸಣ್ಣ ಸಣ್ಣ ಸಂಗತಿಗಳಲ್ಲಿ. ಸ್ಪೀಕರಿನ ಹಾಡು ಗೋಡೆ ದಾಟುವುದಿಲ್ಲ, ಬೇಸ್ ಮಾತ್ರ ದಾಟುತ್ತದೆ: ಕಿಟಕಿಯ ಗಾಜು, ಷೋಕೇಸಿನ ಸ್ಟೀಲ್ ಲೋಟ ಗುಂಯ್ ಅನ್ನುತ್ತವೆ. ವ್ಯಾಲೆ ಹುಡುಗ ಗೇಟಿಗೆ ಅಡ್ಡಲಾಗಿ ಕಾರು ನಿಲ್ಲಿಸಿ ‘ಎರಡೇ ನಿಮಿಷ ಆಂಟಿ, ಓನರ್ ಬರ್ತಿದ್ದಾರೆ’ ಅನ್ನುತ್ತಾನೆ. ಎಲ್ಲ ಮುಗಿದು ಗಿರಾಕಿಗಳು ಹೋದ ಮೇಲೆ, ಹಿತ್ತಲಿನ ಓಣಿಯಲ್ಲಿ ಖಾಲಿ ಬಾಟಲಿಗಳನ್ನು ಚೀಲದಿಂದ ಕ್ರೇಟಿಗೆ ಸುರಿಯುತ್ತಾರೆ. ಪಬ್ಬಿನ ಪಕ್ಕ ಇರುವವರನ್ನು ಕೇಳಿ, ಹಾಡಿಗಿಂತ ಆ ಸದ್ದನ್ನೇ ಮೊದಲು ಹೇಳುತ್ತಾರೆ.

ಕಾಯಿದೆ ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರು. ಆ ಅವಧಿಯಲ್ಲಿ ಧ್ವನಿವರ್ಧಕಕ್ಕೆ ವಿನಾಯಿತಿ ಇರುವುದು ಮುಚ್ಚಿದ ಕಟ್ಟಡದೊಳಗೆ ಮಾತ್ರ. ಟೆರೇಸಿಗೆ ಶಾಮಿಯಾನ ಎಳೆದರೆ ಅದು ಮುಚ್ಚಿದ ಕಟ್ಟಡವಾಗುವುದಿಲ್ಲ. ಇತ್ತ 2024ರಲ್ಲಿ ಸರ್ಕಾರ ನಗರದ ಬಾರುಗಳಿಗೆ ರಾತ್ರಿ ಒಂದರವರೆಗೆ ಬಾಗಿಲು ತೆರೆದಿಡಲು ಅನುಮತಿಸಿತು. ಒಂದು ಸರ್ಕಾರಿ ಗಡಿಯಾರದಲ್ಲಿ ಹತ್ತಕ್ಕೇ ರಾತ್ರಿ, ಇನ್ನೊಂದರಲ್ಲಿ ಒಂದಕ್ಕೆ. ನಡುವಿನ ಮೂರು ತಾಸನ್ನು ಅನುಭವಿಸುವವರು ಪಕ್ಕದ ಮನೆಯವರು.

ದೂರು ಕೊಡಲು ಹೋದರೆ ಸುತ್ತಾಟ. ಮದ್ಯ ಅಬಕಾರಿಯದ್ದು, ಉದ್ದಿಮೆ ಪರವಾನಗಿ ಪಾಲಿಕೆಯದ್ದು, ಗಲಾಟೆ ಪೊಲೀಸರದ್ದು, ಡೆಸಿಬೆಲ್ ಮಾಲಿನ್ಯ ಮಂಡಳಿಯದ್ದು. ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಇದೆ. ಸಾರ್ವಜನಿಕ ಮನರಂಜನೆಗೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದಾಗ, ಹಲವು ರೆಸ್ಟೋರೆಂಟುಗಳಲ್ಲಿ ಲೈವ್ ಸಂಗೀತ ಥಟ್ಟನೆ ನಿಂತಿತು. ಪರವಾನಗಿಗೆ ಕಟ್ಟಡದ ಸ್ವಾಧೀನ ಪತ್ರ ಬೇಕಿತ್ತು, ಎಷ್ಟೋ ಕಟ್ಟಡಗಳಿಗೆ ಅದೇ ಇರಲಿಲ್ಲ!

ಮಾಲೀಕರ ಮಾತಿನಲ್ಲೂ ಹುರುಳಿದೆ. ಆ ರಸ್ತೆಗಳ ಬಾಡಿಗೆಯನ್ನು ಅನ್ನ-ಸಾರಿನಲ್ಲಿ ಹುಟ್ಟಿಸುವುದು ಕಷ್ಟ. ಆ ಬಾಡಿಗೆ ಎಣಿಸಿಕೊಳ್ಳುವವರು ಎಷ್ಟೋ ಸಲ ಹಳೆಯ ಮನೆ ಬಿಟ್ಟು ಬೇರೆಡೆ ಹೋದ ಅದೇ ಬೀದಿಯವರು. ಅವರು ಪ್ರತಿಭಟನೆಗೆ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ 2003ರ ಕಾಯಿದೆಯಡಿ ಹೊಸ ಪರವಾನಗಿ ಕೇಳುವವನು, ಇದ್ದದ್ದನ್ನು ದೊಡ್ಡದಾಗಿ ಬದಲಿಸಹೊರಟವನು, ತಿಳಿನೀಲಿ ಕಾಗದದ ನೋಟಿಸನ್ನು ಅಂಗಡಿಯ ಮುಂದೆ 28 ದಿನ ಅಂಟಿಸಿರಬೇಕು. ದಾರಿಹೋಕನೂ ಓದಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಹಾಗೆಂದು ಆಕ್ಷೇಪಿಸಿದವರೆಲ್ಲ ಗೆಲ್ಲುವುದಿಲ್ಲ. ಆದರೆ ಪರವಾನಗಿಯ ಬೆನ್ನಿಗೆ ಷರತ್ತುಗಳು ಬೀಳುತ್ತವೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲಿನ ಮಾದರಿ ಷರತ್ತುಗಳಲ್ಲಿ ಒಂದು, ರಾತ್ರಿ ಹೊತ್ತಿನಲ್ಲಿ ಖಾಲಿ ಬಾಟಲಿಗಳನ್ನು ಹೊರಗೆ ಸಾಗಿಸಬಾರದು ಎನ್ನುತ್ತದೆ. ನಮ್ಮ ಓಣಿಗೆ ಬೇಕಾದದ್ದು ಇಂಥದ್ದೇ.

ನಮ್ಮಲ್ಲಿ ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಆಕ್ಷೇಪಣೆಗೆ ಬೆಲೆ ಇರುವುದು ನವೀಕರಣದ ಕಡತ ಮೇಜಿನ ಮೇಲಿರುವಾಗ. ಮೇ ತಿಂಗಳಲ್ಲೇ ಬೀದಿಯ ಹತ್ತು ಮನೆಯವರು ಸೇರಿ ತಾರೀಖು, ಹೊತ್ತು, ಫೋಟೊ ಸಮೇತ ದೂರು ಬರೆದು ಅಬಕಾರಿ ಉಪ ಆಯುಕ್ತರ ಕಚೇರಿಗೆ ಕೊಡಲಿ, ಪ್ರತಿಯನ್ನು ಠಾಣೆಗೂ ಪಾಲಿಕೆಗೂ ಕಳಿಸಲಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಮಾತ್ರ ಕಚೇರಿಯಿಂದ ಹೊರಡಬೇಡಿ.