ಮರ ಕಡಿಯುವ ಮತ್ತು ಸಾಗಿಸುವ ಯಂತ್ರಗಳು: ಅವುಗಳ ಗುರುತು, ಕೆಲಸ ಮತ್ತು ಜಮೀನಿನ ರಕ್ಷಣೆ

ಶಿವಮೊಗ್ಗ ಮತ್ತು ಭದ್ರಾವತಿ ಸುತ್ತಿನ ಗ್ರಾಮಗಳಲ್ಲಿ ಅನೇಕ ಜಮೀನುದಾರರು ತಮ್ಮ ಹಿಡುವಳಿಯಲ್ಲಿ ತೇಗ, ಸಿಲ್ವರ್ ಓಕ್, ನೀಲಗಿರಿ, ಅಕೇಶಿಯ ಮುಂತಾದ ಮರಗಳನ್ನು ಬೆಳೆಸಿರುತ್ತಾರೆ. ಮರ ಬಲಿತ ಮೇಲೆ ನಿಂತ ಮರವನ್ನೇ ಗೊತ್ತುಮಾಡಿ ವರ್ತಕನಿಗೆ ಮಾರುವುದುಂಟು. ಹೀಗೆ ಮಾರುವವರು ಬೆಲೆಯ ವಿಷಯದಲ್ಲಿ ಬಹಳ ಜಾಗರೂಕರಾಗಿರುವರೇ ಹೊರತು, ಕಡಿದು ಸಾಗಿಸುವುದಕ್ಕೆ ಯಾವ ಯಂತ್ರವು ತಮ್ಮ ಜಮೀನಿನೊಳಕ್ಕೆ ಬರುವುದೆಂದು ವಿಚಾರಿಸುವುದು ಅಪೂರ್ವ. ಮರ ಹೋದ ಮೇಲೆ ಉಳಿಯತಕ್ಕದ್ದು ನೆಲ. ಆ ನೆಲವು ಮುಂದಿನ ಮಳೆಗಾಲದಲ್ಲಿ ನಿಲ್ಲುವುದೋ ಕೊಚ್ಚಿಹೋಗುವುದೋ ಎಂಬುದು ಬಂದ ಯಂತ್ರವನ್ನೂ ಅದು ನಡೆದ ದಾರಿಯನ್ನೂ ಬಹುಮಟ್ಟಿಗೆ ಅನುಸರಿಸಿರುತ್ತದೆ. ಆದಕಾರಣ ಪ್ರತಿಯೊಂದು ಯಂತ್ರವನ್ನು ಗುರುತಿಸುವ ಬಗೆ, ಅದರ ಕೆಲಸ ಮತ್ತು ಅದನ್ನು ಜಮೀನಿಗೆ ಬಿಡುವಾಗ ವಿಧಿಸತಕ್ಕ ಷರತ್ತುಗಳನ್ನು ಈ ಕರಪತ್ರದಲ್ಲಿ ವಿವರಿಸಿದೆ.

1. ಹಿಂದಿನ ಪದ್ಧತಿ

ಈ ಸೀಮೆಯಲ್ಲಿ ಮರದ ಕೆಲಸ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ನೆಯ ಇಸವಿಯಲ್ಲಿ ಕಬ್ಬಿಣ ಕರಗಿಸುವುದಕ್ಕೆ ಪ್ರಾರಂಭಿಸಿದಾಗ ಅದರ ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಸೌದೆಯಿಂದಲೇ ಸಿದ್ಧವಾಗುತ್ತಿದ್ದಿತು. ಸೌದೆಯನ್ನು ಗಾಳಿ ಸೇರದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲನ್ನೂ, ಅದರೊಡನೆ ಮರದ ಮದ್ಯಸಾರ, ಡಾಂಬರು ಮುಂತಾದವುಗಳನ್ನೂ ಪಡೆಯುತ್ತಿದ್ದರು. ಸೌದೆ ತರುವುದಕ್ಕಾಗಿ ಕಾಡಿನೊಳಕ್ಕೆ ಟ್ರಾಮ್ ದಾರಿಗಳನ್ನು ಹಾಕಲಾಗಿದ್ದಿತು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯು ಬಿದಿರನ್ನೂ ಅನಂತರ ನೀಲಗಿರಿ ಮತ್ತು ಅಕೇಶಿಯ ಮರಗಳನ್ನೂ ಬಳಸಿ, 2015ರಲ್ಲಿ ಕೆಲಸ ನಿಲ್ಲಿಸಿತು.

ಆ ಕಾಲದಲ್ಲಿ ಕೊಡಲಿ, ಇಬ್ಬರು ಎಳೆಯುವ ಗರಗಸ, ಕಬ್ಬಿಣದ ಬೆಣೆ, ಎತ್ತಿನ ಗಾಡಿ ಮತ್ತು ಆನೆ ಇವುಗಳಿಂದಲೇ ಕೆಲಸ ಸಾಗುತ್ತಿದ್ದಿತು. ತುಂಗಾ ತೀರದ ಸಕ್ರೆಬೈಲಿನ ಬಿಡಾರದ ಆನೆಗಳು ನಾಟಾ ಎಳೆದು ಪ್ರಸಿದ್ಧವಾದವು. ಆನೆಯು ದಿಮ್ಮಿಯ ಒಂದು ತುದಿಯನ್ನು ಎತ್ತಿ, ಮರಗಳ ನಡುವೆ ಓರೆಯಾಗಿ ದಾರಿ ಮಾಡಿಕೊಂಡು ನಡೆಯುವುದು. ಅದಕ್ಕೆ ರಸ್ತೆ ಕಡಿಯಬೇಕಾಗಿಲ್ಲ. ಯಂತ್ರವು ಆನೆಗಿಂತ ಹೆಚ್ಚು ಎಳೆಯಬಲ್ಲದು. ಆದರೆ ಅದಕ್ಕೆ ದಾರಿ ಬೇಕು. ನಷ್ಟಕ್ಕೆ ಮೂಲವಾದ ಈ ವ್ಯತ್ಯಾಸವನ್ನು ಜಮೀನುದಾರರು ಮನಸ್ಸಿನಲ್ಲಿಡತಕ್ಕದ್ದು.

2. ಗುರುತಿಸುವ ಬಗೆ

ಯಂತ್ರವನ್ನು ಬಣ್ಣದಿಂದಾಗಲಿ ತಯಾರಕರ ಹೆಸರಿನಿಂದಾಗಲಿ ಗುರುತಿಸಲು ಹೋದರೆ ಗೊಂದಲವಾಗುವುದು. ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಮೊದಲನೆಯದು: ಅದರ ತೋಳಿನ ತುದಿಯಲ್ಲಿ ಏನಿದೆ? ಗರಗಸವೋ, ಹಿಡಿಯುವ ಇಕ್ಕಳವೋ, ಅಥವಾ ಉಕ್ಕಿನ ಹಗ್ಗವೋ? ಎರಡನೆಯದು: ಸಾಗುವಾಗ ಮರವು ನೆಲವನ್ನು ಉಜ್ಜುವುದೋ, ಗಾಲಿಯ ಮೇಲೆ ಕುಳಿತು ಹೋಗುವುದೋ, ಇಲ್ಲವೆ ಹಗ್ಗಕ್ಕೆ ತೂಗುಬಿದ್ದು ಬರುವುದೋ? ಮೊದಲನೆಯ ಪ್ರಶ್ನೆಯಿಂದ ಯಂತ್ರದ ಕೆಲಸವೂ, ಎರಡನೆಯದರಿಂದ ನೆಲಕ್ಕೆ ಆಗುವ ಹಾನಿಯೂ ತಿಳಿಯುವುವು.

3. ಮರ ಉರುಳಿಸುವ ಯಂತ್ರಗಳು

ಚೈನ್ ಗರಗಸ: ನಮ್ಮ ಗ್ರಾಮಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರ ಇದೇ. ಚಪ್ಪಟೆಯಾದ ಉಕ್ಕಿನ ಪಟ್ಟಿಯ ಸುತ್ತಲೂ ಹಲ್ಲುಳ್ಳ ಸರಪಣಿಯು ವೇಗವಾಗಿ ತಿರುಗುತ್ತಿರುತ್ತದೆ. ಹಿಂಭಾಗದಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ನಡೆಯುವ ಸಣ್ಣ ಎಂಜಿನ್ ಇರುತ್ತದೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬವರು 1926ರಲ್ಲಿ ತಯಾರಿಸಿದ ವಿದ್ಯುತ್ ಗರಗಸವು 64 ಕಿಲೋಗ್ರಾಂ ತೂಕವಿದ್ದು, ಅದನ್ನು ಹಿಡಿಯಲು ಇಬ್ಬರು ಬೇಕಾಗುತ್ತಿದ್ದಿತು. ಈಗಿನದನ್ನು ಒಬ್ಬನೇ ಎತ್ತಿ ನಡೆಸಬಹುದು. ಉರುಳಿಸುವುದು, ಕೊಂಬೆ ಸವರುವುದು, ತುಂಡರಿಸುವುದು, ಈ ಮೂರೂ ಇದರಿಂದ ಆಗುವುವು. ನೆಲಕ್ಕೆ ಇದರಿಂದ ತೊಂದರೆಯಿಲ್ಲ. ಅಪಾಯವೆಲ್ಲ ಕೆಲಸಗಾರನ ಜೀವಕ್ಕೆ.

ಕಡಿದು ಕಟ್ಟುವ ಯಂತ್ರ: ಇದನ್ನು ಫೆಲ್ಲರ್ ಬಂಚರ್ ಎಂದು ಕರೆಯುತ್ತಾರೆ. ತೋಳಿನ ತುದಿಯಲ್ಲಿ ಮರದ ಬುಡವನ್ನು ತಬ್ಬುವ ಇಕ್ಕಳವೂ, ಅದರ ಕೆಳಗೆ ತಿರುಗುವ ಗರಗಸ ಅಥವಾ ಕತ್ತರಿಯೂ ಇರುತ್ತವೆ. ಕಡಿದ ಮರವನ್ನು ಬೀಳಗೊಡದೆ ನಿಂತಂತೆಯೇ ಹಿಡಿದು, ಕೆಲವನ್ನು ಕೂಡಿಸಿ ಕಟ್ಟಿನಂತೆ ಒಂದು ಕಡೆ ಮಲಗಿಸುವುದು. ಕೊಂಬೆ ಸವರುವುದು ಇದರ ಕೆಲಸವಲ್ಲ.

ಹಾರ್ವೆಸ್ಟರ್: ನೋಡುವುದಕ್ಕೆ ಮೇಲಿನದರಂತೆಯೇ ಇರುವುದರಿಂದ ಇವೆರಡನ್ನು ಒಂದೇ ಎಂದು ಭ್ರಮಿಸುವುದುಂಟು. ಇದರ ತಲೆಯಲ್ಲಿ ಮುಳ್ಳುರುಳೆಗಳೂ ಬಾಗಿದ ಚೂರಿಗಳೂ ಇರುವುದೇ ಗುರುತು. ಇದು ಮರವನ್ನು ಹಿಡಿದು ಕಡಿದು, ಉರುಳೆಗಳಿಂದ ಉದ್ದಕ್ಕೆ ಎಳೆದು, ಚೂರಿಗಳಿಂದ ಕೊಂಬೆ ಸವರಿ, ಉದ್ದವನ್ನೂ ದಪ್ಪವನ್ನೂ ತಾನೇ ಅಳೆದು ತುಂಡರಿಸುವುದು. ಸ್ವೀಡನ್ ಮತ್ತು ಫಿನ್‌ಲೆಂಡ್ ದೇಶಗಳಲ್ಲಿ ಮರ ಕಡಿಯುವ ಕೆಲಸವು ಬಹುತೇಕ ಇದರಿಂದಲೇ ನಡೆಯುತ್ತದೆ. ಅಲ್ಲಿ ನೆಟ್ಟಗೆ ಬೆಳೆದ ಒಂದೇ ಜಾತಿಯ ಮರಗಳಿರುವುದರಿಂದ ಇದು ಒಪ್ಪುತ್ತದೆ. ವಕ್ರವಾದ ದೊಡ್ಡ ಕೊಂಬೆಗಳುಳ್ಳ ನಮ್ಮ ಕಾಡು ಮರಗಳಿಗೆ ಇದು ಅಷ್ಟಾಗಿ ಹೊಂದದು.

4. ಬುಡದಿಂದ ದಾರಿಗೆ ತರುವ ಯಂತ್ರಗಳು

ಜಮೀನು ಕೆಡುವುದು ಮುಖ್ಯವಾಗಿ ಈ ಹಂತದಲ್ಲಿ. ಆದ್ದರಿಂದ ಈ ಭಾಗವನ್ನು ವಿಶೇಷ ಗಮನದಿಂದ ಓದಬೇಕಾಗಿ ಕೋರಲಾಗಿದೆ.

ಎಳೆಯುವ ಯಂತ್ರ: ಇದಕ್ಕೆ ಸ್ಕಿಡರ್ ಎಂದು ಹೆಸರು. ನಾಲ್ಕು ದೊಡ್ಡ ರಬ್ಬರ್ ಗಾಲಿಗಳು, ಮುಂದೆ ಮಣ್ಣು ತಳ್ಳುವ ಅಲಗು, ಹಿಂದೆ ಉಕ್ಕಿನ ಹಗ್ಗದ ರಾಟೆ ಅಥವಾ ಇಕ್ಕಳ ಇರುತ್ತವೆ. ಇದು ಆನೆಯಂತೆ ದಿಮ್ಮಿಯ ಒಂದು ತುದಿಯನ್ನು ಎತ್ತಿ, ಮತ್ತೊಂದು ತುದಿಯನ್ನು ನೆಲದ ಮೇಲೆ ಎಳೆದೊಯ್ಯುವುದು. ಎಳೆದ ಜಾಡಿನಲ್ಲಿ ಮೇಲ್ಮಣ್ಣು ಕಿತ್ತು ಚರಂಡಿಯಂತಾಗುವುದು. 100 ಅಡಿ ಉದ್ದಕ್ಕೆ 30-35 ಅಡಿಗಿಂತ ಹೆಚ್ಚು ಏರುವ ಇಳಿಜಾರಿನಲ್ಲಿ ಇಂತಹ ಗಾಲಿಯ ಯಂತ್ರವನ್ನು ಬಿಡುವುದು ಸಾಮಾನ್ಯವಾಗಿ ಯುಕ್ತವಲ್ಲ. ನಮ್ಮಲ್ಲಿ ಟ್ರ್ಯಾಕ್ಟರಿಗೆ ರಾಟೆಯನ್ನೋ ಸರಪಣಿಯನ್ನೋ ಕಟ್ಟಿ ಎಳೆಸುವುದೂ ಇದೇ ಪದ್ಧತಿಯೇ. ದಿಮ್ಮಿಯ ತುದಿಯನ್ನು ಎತ್ತದೆ ಪೂರ್ತಿ ನೆಲಕ್ಕೆ ಬಿಟ್ಟು ಎಳೆಸಿದರೆ ಹಾನಿ ಇನ್ನೂ ಹೆಚ್ಚು. ಮೂಗು ಮಣ್ಣಿಗೆ ಸಿಕ್ಕಿದಾಗ ಟ್ರ್ಯಾಕ್ಟರು ಹಿಂದಕ್ಕೆ ಮಗುಚುವ ಭಯವೂ ಉಂಟು.

ಹೊರುವ ಯಂತ್ರ: ಇದು ಫಾರ್ವರ್ಡರ್. ಆರು ಅಥವಾ ಎಂಟು ಗಾಲಿಗಳ ಉದ್ದನೆಯ ಬಂಡಿಯಂತಿದ್ದು, ತನ್ನದೇ ಕ್ರೇನಿನಿಂದ ತುಂಡುಗಳನ್ನು ಎತ್ತಿ ಬೆನ್ನ ಮೇಲೆ ಪೇರಿಸಿಕೊಂಡು ಹೋಗುವುದು. ಮರವು ನೆಲವನ್ನು ಮುಟ್ಟುವುದಿಲ್ಲವಾದ್ದರಿಂದ ಮಣ್ಣು ಕೀಳುವುದು ಕಡಿಮೆ. ಆದರೆ ಹೊರೆಯು ಭಾರವಾದ್ದರಿಂದ ಒದ್ದೆ ನೆಲದಲ್ಲಿ ಗಾಲಿಯು ಆಳವಾಗಿ ಹೂತು ನೆಲವನ್ನು ಒತ್ತಿಬಿಡುವುದು. ಸವರಿದ ಕೊಂಬೆ ಸೊಪ್ಪುಗಳನ್ನು ದಾರಿಯಲ್ಲಿ ಹಾಸಿ ಅದರ ಮೇಲೆ ನಡೆಸುವುದು ಉತ್ತಮ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತುಂಡುಗಳನ್ನು ಹೇರಿ ತರುವುದೂ ಇದೇ ವರ್ಗಕ್ಕೆ ಸೇರಿದುದು.

ಹಗ್ಗದಿಂದ ಸೆಳೆಯುವ ಯಂತ್ರ: ಯಂತ್ರವು ದಾರಿಯಲ್ಲಿಯೇ ನಿಂತು, ಎತ್ತರವಾದ ಕಂಬದ ಮೂಲಕ ಉಕ್ಕಿನ ಹಗ್ಗವನ್ನು ಬೆಟ್ಟದ ಕಡೆಗೆ ಹಾಯಿಸಿ ದಿಮ್ಮಿಗಳನ್ನು ಸೆಳೆದುಕೊಳ್ಳುವುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಡಾಲ್ಬಿಯರ್ ಎಂಬವರು 1880ರ ದಶಕದ ಪ್ರಾರಂಭದಲ್ಲಿ ಬಳಕೆಗೆ ತಂದ ಉಗಿಯ ರಾಟೆಯು ಇದರ ಪೂರ್ವಜ. ಯಂತ್ರವು ಇಳಿಜಾರಿನ ಮೇಲೆ ನಡೆಯದಿರುವುದರಿಂದ ಕಡಿದಾದ ಬೆಟ್ಟಗಳಿಗೆ ಇದೇ ಯೋಗ್ಯವಾದುದು. ಆದರೆ ವೆಚ್ಚವೂ ಕೌಶಲವೂ ಹೆಚ್ಚಾಗಿ ಬೇಕು.

5. ಏರಿಸುವ ಮತ್ತು ಪುಡಿಮಾಡುವ ಯಂತ್ರಗಳು

ಮಡಚುವ ತೋಳಿನ ತುದಿಯಲ್ಲಿ ಇಕ್ಕಳವಿದ್ದು, ದಾರಿಯ ಬದಿಯಲ್ಲಿ ನಿಂತು ದಿಮ್ಮಿಗಳನ್ನು ಲಾರಿಗೆ ಏರಿಸುವುದು ಲೋಡರ್. ಕೊಂಬೆ ರೆಂಬೆಗಳನ್ನು ಬಾಯಿಗೆ ತೆಗೆದುಕೊಂಡು ಚೂರು ಮಾಡಿ ಕೊಳವೆಯಿಂದ ಹೊರಕ್ಕೆ ಎಸೆಯುವುದು ಚಿಪ್ಪರ್. ತೊಗಟೆ ಸುಲಿಯುವ ಯಂತ್ರವೂ ಪ್ರತ್ಯೇಕವಾಗಿ ಇರುತ್ತದೆ. ಕೊಂಬೆ ರೆಂಬೆಗಳೆಲ್ಲವನ್ನೂ ಹೊರಕ್ಕೆ ಸಾಗಿಸಲು ವರ್ತಕನಿಗೆ ಒಪ್ಪಿಗೆ ಕೊಟ್ಟರೆ ನೆಲಕ್ಕೆ ಸೇರಬೇಕಾದ ಸಾರವೂ ಹೋಗುವುದೆಂಬುದನ್ನು ಮರೆಯಬಾರದು. ಎಲೆ, ಸಣ್ಣ ರೆಂಬೆ ಮತ್ತು ತೊಗಟೆಗಳನ್ನು ಜಮೀನಿನಲ್ಲಿಯೇ ಉಳಿಸಿಕೊಳ್ಳುವುದು ಲಾಭಕರ. ಸೊಪ್ಪಿನ ಬೆಲೆಯನ್ನು ಅಡಕೆ ತೋಟದವರಿಗೆ ಹೇಳಿಕೊಡಬೇಕಾದುದಿಲ್ಲ.

6. ನೆಲವನ್ನು ಕಾಯುವ ಕ್ರಮ

ಭಾರವಾದ ಯಂತ್ರವು ನಡೆದ ಕಡೆ ಮಣ್ಣು ಒತ್ತಿ, ನೀರು ಇಂಗದೆ, ಬೇರು ಇಳಿಯದೆ ಅನೇಕ ವರ್ಷ ಹಾಗೆಯೇ ಇರುವುದು. ಈ ಒತ್ತಡದ ಬಹುಭಾಗವು ಮೊದಲ ಕೆಲವು ಓಡಾಟಗಳಲ್ಲಿಯೇ ಆಗಿಬಿಡುವುದು. ಆದ್ದರಿಂದ ಯಂತ್ರವು ದಿನಕ್ಕೊಂದು ದಾರಿ ಹಿಡಿದರೆ ಜಮೀನೆಲ್ಲ ಕೆಟ್ಟಂತಾಯಿತು. ಒಂದೇ ದಾರಿಯಲ್ಲಿ ನೂರು ಸಲ ನಡೆದರೂ ಕೆಡುವುದು ಆ ಒಂದು ದಾರಿ ಮಾತ್ರ.

ಮಣ್ಣು ಒಣಗಿದ ಮೇಲೆ, ಎಂದರೆ ಜನವರಿಯಿಂದ ಏಪ್ರಿಲ್‌ವರೆಗೆ, ಕೆಲಸ ಮಾಡಿಸುವುದು ಯೋಗ್ಯ. ದಾರಿಯನ್ನು ಇಳಿಜಾರಿಗೆ ನೇರವಾಗಿ ಬಿಡದೆ ಓರೆಯಾಗಿ ಗೊತ್ತುಮಾಡಿ, ಮರ ಕಡಿಯುವ ಮೊದಲೇ ಗೂಟ ನೆಡಿಸಬೇಕು. ಹಳ್ಳದ ಅಂಚಿನ ಗಿಡಮರಗಳನ್ನು ಮುಟ್ಟಗೊಡಬಾರದು. ಹಳ್ಳವನ್ನು ದಾಟಲೇಬೇಕಾದರೆ ಒಂದೇ ಕಡೆ ತಾತ್ಕಾಲಿಕ ಸೇತುವೆ ಹಾಕಿಸತಕ್ಕದ್ದು. ಕೆಲಸ ಮುಗಿದ ಕೂಡಲೆ, ಮೊದಲ ಮಳೆಗೆ ಮುಂಚೆ, ಎಳೆದ ಜಾಡಿಗೆ ಅಲ್ಲಲ್ಲಿ ಓರೆಯಾದ ಅಡ್ಡಬದುಗಳನ್ನು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಇದನ್ನು ಅಲಕ್ಷ್ಯ ಮಾಡಿದರೆ ಜಾಡೇ ಕೊರಕಲಾಗಿ, ಮಣ್ಣೆಲ್ಲ ಕೆಳಗಿನ ಗದ್ದೆಗೂ ಊರಿನ ಕೆರೆಗೂ ಹೋಗಿ ಸೇರುವುದು. ಆಗ ನಷ್ಟವು ಒಬ್ಬನದಾಗಿರದೆ ಗ್ರಾಮದ್ದಾಗುವುದರಿಂದ ಗ್ರಾಮದ ಮುಖ್ಯಸ್ಥರು ಈ ವಿಷಯದಲ್ಲಿ ಆಸ್ಥೆ ವಹಿಸತಕ್ಕದ್ದು.

7. ಜೀವದ ರಕ್ಷಣೆ

ಚೈನ್ ಗರಗಸದ ಪಟ್ಟಿಯ ತುದಿಯ ಮೇಲ್ಭಾಗವು ಮರಕ್ಕೆ ತಗುಲಿದರೆ ಯಂತ್ರವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೆಲಸಗಾರನ ಮುಖದ ಕಡೆಗೆ ಚಿಮ್ಮುವುದು. ಸರಪಣಿಯನ್ನು ನಿಲ್ಲಿಸುವ ಬ್ರೇಕು ಇಲ್ಲದ ಅಥವಾ ಕೆಟ್ಟಿರುವ ಗರಗಸವನ್ನು ಜಮೀನಿಗೆ ಬಿಡಬಾರದು. ಕೆಲಸಗಾರನಿಗೆ ತಲೆಗೆ ಟೋಪಿ, ಕಣ್ಣು ಕಿವಿಗಳಿಗೆ ಮರೆ, ಕಾಲಿಗೆ ಗಟ್ಟಿ ಜೋಡು ಇರಬೇಕು.

ಮರ ಬೀಳತಕ್ಕ ದಿಕ್ಕಿನಲ್ಲಿ ದಪ್ಪದ ಸುಮಾರು ಕಾಲು ಭಾಗದಷ್ಟು ಕಚ್ಚು ತೆಗೆದು, ಅನಂತರ ಹಿಂದಿನಿಂದ ಸ್ವಲ್ಪ ಮೇಲಕ್ಕೆ ಕೊಯ್ಯತಕ್ಕದ್ದು. ಎರಡು ಕೊಯ್ತಗಳ ನಡುವೆ ದಪ್ಪದ ಹತ್ತನೆಯ ಒಂದು ಭಾಗವನ್ನು ಉಳಿಸಬೇಕು. ಮರವನ್ನು ಗೊತ್ತಾದ ಕಡೆಗೆ ಬಾಗಿಸುವ ಕೀಲು ಅದೇ. ಕಡಿಯುವವನು ಹಿಂದಕ್ಕೆ ಓರೆಯಾಗಿ ಸರಿಯಲು ದಾರಿಯನ್ನು ಮೊದಲೇ ಸವರಿಕೊಂಡಿರಬೇಕು. ಮಿಕ್ಕವರು ಮರದ ಎತ್ತರದ ಎರಡರಷ್ಟು ದೂರದಲ್ಲಿರತಕ್ಕದ್ದು. ಎಳೆಯುತ್ತಿರುವ ಉಕ್ಕಿನ ಹಗ್ಗದ ಸಮೀಪದಲ್ಲಿ ಯಾರೂ ನಿಲ್ಲಬಾರದು. ಹರಿದ ಹಗ್ಗವು ಚಾವಟಿಯಂತೆ ಬೀಸುವುದು. ದನ ಕಾಯುವ ಹುಡುಗರೂ ಸೌದೆ ಆಯಲು ಬರುವ ಹೆಂಗಸರೂ ಕೆಲಸದ ಕಡೆ ಸುಳಿಯದಂತೆ ಕಾವಲಿಡಬೇಕು.

8. ಅನುಮತಿ, ಅಳತೆ ಮತ್ತು ಕರಾರು

ಸ್ವಂತ ಹಿಡುವಳಿಯ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಕಡಿಯುವುದಕ್ಕೆ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ನೀಲಗಿರಿ, ಗಾಳಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ಇದರಿಂದ ವಿನಾಯಿತಿಯುಂಟು. ತೇಗ, ಬೀಟೆ, ಶ್ರೀಗಂಧಗಳ ವಿಷಯದಲ್ಲಿ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ ನಡೆಯುವುದು ಕ್ಷೇಮ. ಜಮೀನು ಕಾಡಿನ ಅಂಚಿನಲ್ಲಿದ್ದರೆ ಯಂತ್ರ ಬರುವ ಮುಂಚೆಯೇ ಎಲ್ಲೆಯನ್ನು ಅಳತೆ ಮಾಡಿಸಿ ಗುರುತು ಹಾಕಿಸಬೇಕು. ಎಲ್ಲೆಯಾಚೆಯ ಒಂದು ಮರ ಬಿದ್ದರೂ ವರ್ತಕನೊಡನೆ ಜಮೀನುದಾರನೂ ಉತ್ತರ ಹೇಳಬೇಕಾಗಿ ಬರಬಹುದು.

ಲಾರಿಗೆ ಏರಿಸುವ ಮೊದಲು ದಿಮ್ಮಿಗಳನ್ನು ಅಳೆಯಬೇಕು. ನಡುವಿನ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು ವ್ಯಾಪಾರದ ವಾಡಿಕೆ. ಸುತ್ತಳತೆ 4 ಅಡಿ, ಉದ್ದ 12 ಅಡಿ ಇದ್ದರೆ ಈ ಲೆಕ್ಕದಲ್ಲಿ 12 ಘನ ಅಡಿ. ಆದರೆ ದಿಮ್ಮಿಯಲ್ಲಿ ನಿಜವಾಗಿ ಇರುವ ಮರ 15 ಘನ ಅಡಿಗೂ ಸ್ವಲ್ಪ ಹೆಚ್ಚು. ದರವನ್ನು ಮಾತಾಡುವಾಗ ಯಾವ ಅಳತೆಯೆಂಬುದನ್ನು ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ಸಾರಾಂಶ

(1) ಯಂತ್ರವನ್ನು ಹೆಸರಿನಿಂದಲ್ಲ, ಕೆಲಸದಿಂದ ಗುರುತಿಸಿ.
(2) ಎಳೆಯುವ ಯಂತ್ರವು ಮಣ್ಣನ್ನು ಕೀಳುವುದು. ಹೊರುವ ಯಂತ್ರವು ಒದ್ದೆ ನೆಲವನ್ನು ಒತ್ತುವುದು. ಹಗ್ಗದ ಯಂತ್ರವು ಕಡಿದಾದ ಬೆಟ್ಟಕ್ಕೆ ತಕ್ಕುದು.
(3) ಬರುವ ಯಂತ್ರ, ನಡೆಯುವ ದಾರಿ, ಕೆಲಸದ ತಿಂಗಳು, ಅಡ್ಡಬದು ಹಾಕುವ ಹೊಣೆ, ಇವನ್ನು ಬೆಲೆಯೊಡನೆ ಕರಾರಿನಲ್ಲಿ ಬರೆಯಿಸಿ.
(4) ಕೊನೆಯ ಕಂತಿನ ಹಣವು ಸಂದರೂ ಜಾಡನ್ನು ಸರಿಪಡಿಸುವವರೆಗೆ ಕೆಲಸ ಮುಗಿಯಿತೆಂದು ಬರೆದುಕೊಡಬೇಡಿ.
(5) ಅನುಮತಿಯಿಲ್ಲದೆ ಕಡಿಸಬೇಡಿ, ಅಳೆಯದೆ ಏರಿಸಗೊಡಬೇಡಿ.

ಮರವನ್ನು ಮತ್ತೆ ನೆಟ್ಟು ಬೆಳೆಸಬಹುದು. ಹಳ್ಳದ ಪಾಲಾದ ಮಣ್ಣನ್ನು ಯಾವ ಯಂತ್ರವೂ ಹಿಂದಕ್ಕೆ ತಂದುಕೊಡಲಾರದು.