ಭಟ್ಟಿಗೆ ‘ಕಳ್ಳ’ ಎಂಬ ವಿಶೇಷಣ

‘ಕಳ್ಳಭಟ್ಟಿ’ ಎಂಬ ಸಮಾಸ ವಾಚಕರಿಗೆ ಹೊಸದೇನಲ್ಲ. ಕನ್ನಡ ಪಾಠ ಹೇಳುವ ನನಗೆ ಆ ಪದ ಕಂಡಾಗಲೆಲ್ಲ ಒಂದು ಪ್ರಶ್ನೆ ಏಳುವುದುಂಟು. ತನ್ನ ಮನೆಯಲ್ಲಿ, ತನ್ನ ಬೆಲ್ಲದಿಂದ, ತನಗಾಗಿಯೇ ಸಾರಾಯಿ ಇಳಿಸಿಕೊಂಡವನು ಕದ್ದುದಾದರೂ ಏನನ್ನು?

ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಸಾರಾಯಿ ಇಳಿಸುವುದು ಅಪರಾಧ. ‘ಮಾರುವುದಕ್ಕಲ್ಲ, ಮನೆಯ ಬಳಕೆಗೆ’ ಎಂಬ ಸಮಾಧಾನ ಅಲ್ಲಿ ನಡೆಯದು. ಸಂವಿಧಾನದ 47ನೆಯ ವಿಧಿ ಪಾನನಿಷೇಧಕ್ಕೆ ಯತ್ನಿಸುವಂತೆ ಸರ್ಕಾರಕ್ಕೆ ಹೇಳುತ್ತದೆ. ಅದೇ ಸಂವಿಧಾನದ ಏಳನೆಯ ಅನುಸೂಚಿ ಮದ್ಯದ ಸುಂಕವನ್ನು ರಾಜ್ಯಗಳಿಗೆ ಒಪ್ಪಿಸುತ್ತದೆ. ಒಂದು ಕೈಯಲ್ಲಿ ನೀತಿ, ಇನ್ನೊಂದರಲ್ಲಿ ಬೊಕ್ಕಸ!

ಈ ಇಬ್ಬಗೆ ಇಂದಿನದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯುಂಟು; ನೇಮಿಸಿದ ಸ್ಥಳವಲ್ಲದೆಡೆ ಮದ್ಯ ಮಾಡಿದವರಿಗೂ ಮಾರಿದವರಿಗೂ 600 ಪಣಗಳ ದಂಡವುಂಟು. ಆದರೂ ಆತ ಗೃಹಸ್ಥರಿಗೆ ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕೆಂದು ಅರಿಷ್ಟವನ್ನೂ ಮಾಡಿಕೊಳ್ಳಲು ಅವಕಾಶವಿತ್ತನು. ಮನೆಯ ಬಳಕೆ ಬೇರೆ, ವ್ಯಾಪಾರ ಬೇರೆ ಎಂಬ ವಿವೇಕ ಅಲ್ಲಿದೆ. ನ್ಯೂಜಿಲೆಂಡ್ 1996ರಲ್ಲಿ ಸ್ವಂತ ಬಳಕೆಯ ಭಟ್ಟಿಗೆ ಒಪ್ಪಿಗೆ ಕೊಟ್ಟಿತು. ಮಾರುವುದಕ್ಕೆ ಮಾತ್ರ ಪರವಾನಗಿ ಬೇಕು. ಮಧ್ಯಪ್ರದೇಶದ ಬುಡಕಟ್ಟು ಜನರಿಗೂ ಹಿಪ್ಪೆ ಹೂವಿನ ಸಾರಾಯಿಯನ್ನು ಮಿತಿಯೊಳಗೆ ಮನೆಬಳಕೆಗೆ ಇಳಿಸಿಕೊಳ್ಳುವ ರಿಯಾಯಿತಿಯಿದೆ.

ಹಾಗಾದರೆ ನಮ್ಮಲ್ಲಿಯೂ ಬಿಟ್ಟುಬಿಡಬಹುದೆ? ಇಲ್ಲಿ ಸಾವಿನ ಮಾತು ಬರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಮಂದಿ ಬಲಿಯಾದರು. ಇಂತಹ ದುರಂತಗಳಿಗೆ ಬಹುಮಟ್ಟಿಗೆ ಕಾರಣ ಮೆಥನಾಲ್. ಬೆಲ್ಲವೋ ಧಾನ್ಯವೋ ಹುಳಿತಾಗ ಅದು ಹುಟ್ಟುವುದು ಅತ್ಯಲ್ಪ. ಕೈಗಾರಿಕೆಗೆಂದು ತಯಾರಾದ ಮೆಥನಾಲನ್ನು ಲಾಭದಾಸೆಯಿಂದ ಮದ್ಯಕ್ಕೆ ಬೆರೆಸಿದಾಗಲೇ ಬೀದಿಬೀದಿಯಲ್ಲಿ ಹೆಣಗಳು ಬೀಳುವುದು. ನೋಟದಿಂದ ಅದನ್ನು ಗುರುತಿಸಲಾಗದು. ಅಗ್ಗದ ಲೋಟವನ್ನು ಅರಸಿ ಹೋಗುವ ಬಡ ಕೂಲಿಯವನೇ ಅದಕ್ಕೆ ಮೊದಲ ತುತ್ತು.

ನಮ್ಮ ಬಡಕೇರಿಗಳಲ್ಲಿ ಮನೆಗೂ ಅಂಗಡಿಗೂ ನಡುವಿನ ಗೋಡೆ ತೆಳು. ಇಂದು ತನಗೆಂದು ಇಳಿಸಿದ್ದು ನಾಳೆ ನೆರೆಯವನಿಗೆ ಮಾರಾಟವಾದೀತು. ಆದುದರಿಂದ ನಿಷೇಧ ಉಳಿಯಲೆಂದೇ ನನ್ನ ಮತ. ಆದರೆ ಅದು ಪ್ರಾಣರಕ್ಷಣೆಗಾಗಿ ಉಳಿಯಬೇಕು. ಹಾಗೆಂದಮೇಲೆ ಮನೆಯ ಮಡಕೆಯನ್ನು ಒಡೆಯುವ ಉತ್ಸಾಹಕ್ಕಿಂತ ಮೆಥನಾಲಿನ ಪೀಪಾಯಿಗೆ ಕಾವಲಿಡುವ ಎಚ್ಚರ ಹೆಚ್ಚಾಗಿರಬೇಕು. ಸುಂಕ ತಪ್ಪಿಸಿದವನನ್ನು ಕಳ್ಳನೆನ್ನುತ್ತೇವೆ, ಸರಿ. ಪ್ರಾಣವನ್ನೇ ಕದ್ದವನಿಗೆ ನಮ್ಮ ಭಾಷೆಯಲ್ಲಿ ಅದಕ್ಕಿಂತ ಕಠಿನವಾದ ಹೆಸರೇ ಸಲ್ಲಬೇಕು.