ಲಾಘವದ ಬೆಲೆ: ಜಪಾನಿನ ‘ಝೀರೋ’ ವಿಮಾನದ ರಚನಾವಿಚಾರ

ವಿಮಾನವೆಂಬ ಶಬ್ದವನ್ನು ಕಾವ್ಯಗಳಲ್ಲಿ ಮಾತ್ರ ಕಂಡು ಬೆಳೆದ ಪಾಠಶಾಲೆಯವನೊಬ್ಬನು ಕಾಳಗದ ವಿಮಾನವನ್ನು ಕುರಿತು ಬರೆಯಹೊರಟುದು ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ವಿಮಾನದ ರಚನೆಯಲ್ಲಿ ವ್ಯಾಕರಣವನ್ನೋದಿದವರಿಗೆ ಚಿರಪರಿಚಿತವಾದ ಒಂದು ತತ್ತ್ವವಿದೆ, ಅದೇ ಲಾಘವ. ಒಂದು ಮಾತ್ರೆಯನ್ನುಳಿಸಲು ಸೂತ್ರಕಾರನು ಎಷ್ಟು ಶ್ರಮಿಸುವನೋ, ಒಂದು ತೊಲ ತೂಕವನ್ನುಳಿಸಲು ಇದರ ನಿರ್ಮಾಪಕನು ಅಷ್ಟೇ ಶ್ರಮಿಸಿದನು. ಸೂತ್ರದಲ್ಲಿ ಬಿಟ್ಟುದನ್ನು ವೃತ್ತಿಕಾರನು ತುಂಬಿಕೊಡುತ್ತಾನೆ. ವಿಮಾನದಲ್ಲಿ ಬಿಟ್ಟುದನ್ನು ತುಂಬಿಕೊಡುವವರಾರು?

1937ನೆಯ ಇಸವಿಯಲ್ಲಿ ಜಪಾನಿನ ನೌಕಾಪಡೆಯವರು ವಿಮಾನವಾಹಕ ಹಡಗುಗಳಿಂದ ಹಾರತಕ್ಕ ಒಂದು ಏಕಾಸನದ ವಿಮಾನವನ್ನು ಬಯಸಿದರು. ಅದು ಹೆಚ್ಚು ವೇಗವುಳ್ಳದ್ದಾಗಿರಬೇಕು. ಆರು ಗಂಟೆಗಳಿಗೂ ಮಿಕ್ಕು ಆಕಾಶದಲ್ಲಿರಬೇಕು. ಎರಡು ಸಣ್ಣ ಫಿರಂಗಿಗಳನ್ನು ಹೊರಬೇಕು. ಇಷ್ಟಾದರೂ ಹಳೆಯ ಹಗುರ ವಿಮಾನದಂತೆಯೇ ಚುರುಕಾಗಿ ತಿರುಗಬೇಕು. ಇವು ಪರಸ್ಪರ ವಿರುದ್ಧವಾದ ಗುಣಗಳೆಂದು ಕಂಡು ನಾಕಾಜಿಮಾ ಕಂಪೆನಿಯವರು ಸ್ಪರ್ಧೆಯಿಂದ ಹಿಂದೆಗೆದರು. ಮಿತ್ಸುಬಿಷಿ ಕಂಪೆನಿಯ ಜಿರೋ ಹೊರಿಕೋಶಿ ಎಂಬ ಇಂಜಿನಿಯರು ಆ ಭಾರವನ್ನು ಹೊತ್ತನು. ಮೊದಲನೆಯ ವಿಮಾನವನ್ನು ನಾಗೋಯಾದ ಕಾರ್ಖಾನೆಯಿಂದ ದೂರದ ಹಾರುನೆಲಕ್ಕೆ ಸಾಗಿಸಿದುದು ಎತ್ತಿನ ಗಾಡಿಗಳಲ್ಲಿ! ರಸ್ತೆ ಅಷ್ಟು ಕೆಟ್ಟದ್ದಾಗಿತ್ತು. 1939ರ ಏಪ್ರಿಲ್ 1ರಂದು ಅದು ಹಾರಿತು. 1940 ಜಪಾನೀ ಶಕದ 2600ನೆಯ ವರ್ಷ. ಆ ಸಂಖ್ಯೆಯ ಕೊನೆಯ ಸೊನ್ನೆಯೇ ವಿಮಾನದ ಹೆಸರಾಯಿತು.

ನಿರ್ಮಾಪಕನ ಕೈಗೆ ಸಿಕ್ಕಿದ ಎಂಜಿನು ದೊಡ್ಡದಲ್ಲ. ಅದರ ಶಕ್ತಿ 940 ಕುದುರೆಗಳದು. ಆದಕಾರಣ ಭಾರವನ್ನು ತಗ್ಗಿಸುವುದೊಂದೇ ದಾರಿಯಾಗಿತ್ತು. ರೆಕ್ಕೆಯ ಮುಖ್ಯ ತೊಲೆಗೆ ಸುಮಿಟೋಮೋ ಕಂಪೆನಿಯ ಹೊಸ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಳಸಿದರು. ರೆಕ್ಕೆಗಳನ್ನು ಬೇರೆಯಾಗಿ ಮಾಡಿ ಬೆಸೆಯದೆ, ಒಡಲಿನ ಮುಂಭಾಗದೊಡನೆ ಏಕಖಂಡವಾಗಿ ಕಟ್ಟಿ, ಜೋಡಣೆಯ ಉಕ್ಕಿನ ಭಾರವನ್ನು ಉಳಿಸಿದರು. ಒತ್ತಡ ಬೀಳದ ಕಡೆಗಳಲ್ಲಿ ತೂತು ಕೊರೆದರು. ಹೀಗಾಗಿ ಖಾಲಿ ವಿಮಾನದ ತೂಕ ಸುಮಾರು 3,700 ಪೌಂಡು ಮಾತ್ರವಾಯಿತು. ಸಜ್ಜಾದ ವಿಮಾನದಲ್ಲಿ ರೆಕ್ಕೆಯ ಒಂದು ಚದರಡಿಗೆ ಬೀಳುವ ಭಾರ ಸುಮಾರು 22 ಪೌಂಡು. ಅಮೆರಿಕದ ವೈಲ್ಡ್‌ಕ್ಯಾಟಿನಲ್ಲಿ ಅದು 30ರಷ್ಟು. ಈ ಭಾರ ಕಡಮೆಯಾದಷ್ಟೂ ವಿಮಾನವು ಚಿಕ್ಕ ವೃತ್ತದಲ್ಲಿ ತಿರುಗಬಲ್ಲುದು. ತಿರುಗಿ ಶತ್ರುವಿನ ಬೆನ್ನುಹಿಡಿಯಬಲ್ಲುದು. ವೇಗವೋ ಗಂಟೆಗೆ ಸುಮಾರು 330 ಮೈಲಿ. ಒಡಲಿನ ಕೆಳಗೆ ಬೇಕಾದಾಗ ಕಳಚಿ ಬಿಡತಕ್ಕ ಪೆಟ್ರೋಲ್ ತೊಟ್ಟಿಯನ್ನು ಕಟ್ಟಿದರೆ 1,900 ಮೈಲಿ ಹೋಗಬಲ್ಲುದು. 1941ರ ಡಿಸೆಂಬರ್ 8ರಂದು ಫಾರ್ಮೋಸಾದಿಂದೆದ್ದು ಫಿಲಿಪ್ಪೀನ್ಸಿನ ಮೇಲೆ ಬಿದ್ದು ಮರಳಿದ ಈ ವಿಮಾನಗಳನ್ನು ಕಂಡ ಅಮೆರಿಕನರು, ಇವು ಹತ್ತಿರದ ಹಡಗುಗಳಿಂದಲೇ ಬಂದಿರಬೇಕೆಂದು ಭ್ರಮಿಸಿದರಂತೆ. 1942ರ ಏಪ್ರಿಲ್ 5ರಂದು ನಮ್ಮ ನೆರೆಯ ಕೊಲಂಬೋ ನಗರದ ಮೇಲೆ ಬ್ರಿಟಿಷರ ಹರಿಕೇನ್ ವಿಮಾನಗಳೂ ಇವುಗಳಿಂದ ಬಹಳ ನಷ್ಟಪಟ್ಟವು.

ಈಗ ಬಿಟ್ಟುದೇನೆಂಬುದನ್ನು ನೋಡೋಣ. ಚಾಲಕನ ಬೆನ್ನಿಗೆ ಉಕ್ಕಿನ ಹಲಗೆಯಿಲ್ಲ. ಗುಂಡು ತಾಕಿದಾಗ ತೂತನ್ನು ತಾನೇ ಮುಚ್ಚಿಕೊಳ್ಳುವ ರಬ್ಬರಿನ ಹೊದಿಕೆ ಪೆಟ್ರೋಲ್ ತೊಟ್ಟಿಗಳಿಗಿಲ್ಲ. ಕೆಲವು ದಳದವರು ರೇಡಿಯೋವನ್ನೂ ಕಿತ್ತುಹಾಕಿದರು. ಈ ದೋಷವನ್ನೆಲ್ಲ ಹೊರಿಕೋಶಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ನೌಕಾಪಡೆಯವರು ರಕ್ಷಣೆಯನ್ನು ಕೇಳಿರಲೇ ಇಲ್ಲ. ಕೇಳಿದ್ದರೂ 940 ಕುದುರೆಗಳು ಅದನ್ನು ಹೊರುತ್ತಿರಲಿಲ್ಲ.

ಈ ಮರ್ಮಗಳು ಬಯಲಾದ ಬಗೆ ಹೀಗೆ. 1942ರ ಜೂನ್ 4ರಂದು ತಾದಯೋಶಿ ಕೋಗಾ ಎಂಬ ತರುಣನ ವಿಮಾನವು ಗುಂಡುತಾಕಿ, ಅಲಾಸ್ಕದ ಕಡೆಯ ಅಕುಟಾನ್ ದ್ವೀಪದಲ್ಲಿಳಿಯಿತು. ಹುಲ್ಲುಗಾವಲೆಂದು ತೋರಿದ್ದು ಕೆಸರಾಗಿತ್ತು. ವಿಮಾನ ಮಗುಚಿ ಅವನು ಸತ್ತನು. ಸುಡಬೇಕೆಂಬ ಕಟ್ಟಳೆಯಿದ್ದರೂ, ಗೆಳೆಯನು ಬದುಕಿರಬಹುದೆಂಬ ಮರುಕದಿಂದ ಸಂಗಡಿಗರು ಅದಕ್ಕೆ ಗುಂಡುಹಾರಿಸಲಿಲ್ಲ. ಅಮೆರಿಕನರು ಅದನ್ನು ಸರಿಪಡಿಸಿ ಸೆಪ್ಟೆಂಬರಿನಲ್ಲಿ ಹಾರಿಸಿ ನೋಡಿದರು. ಗಂಟೆಗೆ ಸುಮಾರು 230 ಮೈಲಿ ಮೀರಿದೊಡನೆ, ವಿಮಾನವನ್ನು ಮಗ್ಗುಲಿಗೆ ಹೊರಳಿಸುವ ರೆಕ್ಕೆಯಂಚಿನ ಫಲಕಗಳು ಬಿಗಿಯುತ್ತಿದ್ದವು. ಗಾಳಿಯ ಒತ್ತಡವು ವೇಗದ ವರ್ಗವನ್ನನುಸರಿಸಿ ಬೆಳೆಯುವುದರಿಂದ, ಮಂದಗತಿಯಲ್ಲಿ ಚುರುಕನ್ನು ಕೊಟ್ಟ ಆ ಅಗಲವಾದ ಫಲಕಗಳೇ ಶೀಘ್ರಗತಿಯಲ್ಲಿ ಚಾಲಕನ ಕೈಗೆ ಮಣಿಯದಾದವು. ಮೂತಿಯನ್ನು ಥಟ್ಟನೆ ಕೆಳಕ್ಕೆ ತಳ್ಳಿದರೆ ಪೆಟ್ರೋಲು ಸಿಕ್ಕದೆ ಎಂಜಿನು ತಡೆಯುತ್ತಿತ್ತು. ಆದುದರಿಂದ ಝೀರೋವಿನೊಡನೆ ಸುತ್ತಬೇಡಿ, ವೇಗವಾಗಿ ಕೆಳಕ್ಕೆ ಧುಮುಕಿ ಬಲಕ್ಕೆ ಹೊರಳಿರೆಂದು ಅವರ ಚಾಲಕರಿಗೆ ಬೋಧಿಸಲಾಯಿತು.

ಅಮೆರಿಕದ ಹೆಲ್‌ಕ್ಯಾಟ್ ವಿಮಾನವನ್ನು ಈ ಝೀರೋವನ್ನು ನೋಡಿಯೇ ರಚಿಸಿದರೆಂದು ಕೆಲವರು ಬರೆದಿರುವುದು ಸರಿಯಲ್ಲ; ಅದು 1942ರ ಜೂನಿನಲ್ಲಿಯೇ ಮೊದಲು ಹಾರಿತ್ತು. ಅದರ ಎಂಜಿನು 2,000 ಕುದುರೆಗಳದು, ಖಾಲಿ ತೂಕ ಝೀರೋವಿಗಿಂತ ಎರಡು ಪಾಲಿಗೂ ಹೆಚ್ಚು, ಚಾಲಕನಿಗೆ ಕವಚವಿತ್ತು. ಗುಂಡುತಿಂದ ಹೆಲ್‌ಕ್ಯಾಟಿನ ಚಾಲಕನು ಎಷ್ಟೋ ವೇಳೆ ಹಡಗಿಗೆ ಮರಳಿ, ತಿರುಗಿ ಹಾರುತ್ತಿದ್ದನು. ಝೀರೋವಿನವನು ಹೆಚ್ಚಾಗಿ ವಿಮಾನದೊಡನೆ ಉರಿದುಹೋಗುತ್ತಿದ್ದನು; ವರ್ಷಗಟ್ಟಲೆ ಪಳಗಿದ ಅವನ ಸ್ಥಾನಕ್ಕೆ ಬರುತ್ತಿದ್ದವನು ಎಳೆಯನು. 1944ರ ಅಕ್ಟೋಬರಿನಲ್ಲಿ ಇವೇ ವಿಮಾನಗಳಿಗೆ ಬಾಂಬು ಕಟ್ಟಿ, ಚಾಲಕಸಹಿತವಾಗಿ ಶತ್ರುಗಳ ಹಡಗುಗಳ ಮೇಲೆ ಕೆಡವುವುದಕ್ಕೆ ಆರಂಭಿಸಿದರು.

ಕೋಗಾನ ವಿಮಾನವು 1945ರಲ್ಲಿ ಸ್ಯಾನ್ ಡಿಯಾಗೋವಿನ ನೆಲದ ಮೇಲೆಯೇ ಇನ್ನೊಂದು ವಿಮಾನದ ಪಂಖಕ್ಕೆ ಸಿಕ್ಕಿ ನುಗ್ಗಾಯಿತು. ಅದರ ಕೆಲವು ಮಾಪಕಗಳು ಅಮೆರಿಕದಲ್ಲಿ ಇಂದಿಗೂ ಉಳಿದಿವೆ.